ಗೀರು ಬೀಳದಂತೆ ಮಾವನ ಮನೆಗೆ

ಕಾರಿನ ಮೈಮೇಲಿನ ಬಣ್ಣ ಎಷ್ಟು ದಪ್ಪ ಇರುತ್ತದೆಂದು ನಿಮಗೆ ಗೊತ್ತೆ? ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು, ಹಾಗೆಯೇ ಇದ್ದುಬಿಡಿ. ತುಕ್ಕು ತಡೆಯುವ ತಳಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪಿನ ಕ್ಲಿಯರ್ ಕೋಟ್, ಇಷ್ಟೂ ಸೇರಿದರೆ ಹೆಚ್ಚುಕಡಿಮೆ 100ರಿಂದ 120 ಮೈಕ್ರಾನ್. ಮಿಲಿಮೀಟರಿನ ಹತ್ತನೇ ಒಂದು ಪಾಲು. ಅದರಲ್ಲಿ ನಾವು ನೋಡಿ ಹಿಗ್ಗುವ ಆ ಕ್ಲಿಯರ್ ಕೋಟಿನ ಭಾಗ ಬರೀ 40–50 ಮೈಕ್ರಾನ್, ಸಾಮಾನ್ಯ ತಲೆಗೂದಲಿಗಿಂತಲೂ ತೆಳು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಂಕಟ ಹಂಚಿಕೊಳ್ಳಲು ಹೆಂಡತಿಯನ್ನು ಎಬ್ಬಿಸಿದೆ. "ಯಾರ ಕೂದಲಿಗಿಂತ ತೆಳುವಂತೆ? ನಿಮ್ಮದಾದರೆ ಅಳೆಯೋಕೆ ಬೇಗ ಹುಡುಕಬೇಕು" ಎಂದು ಮಗ್ಗುಲು ಬದಲಿಸಿದಳು.

ಕಾರು ಕೊಂಡದ್ದು ಮಾವನ ಮನೆಗೆ ಹೋಗುವುದಕ್ಕಾಗಿಯೇ. ಹಾಗೆಂದು ನಾನು ಮನೆಯಲ್ಲಿ ಪ್ರಚಾರ ಮಾಡಿದ್ದೆ. ತೀರ್ಥಹಳ್ಳಿ ಕಡೆಯ ಆ ತೋಟದ ಮನೆಗೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ, ನೆಲದಿಂದ ಒಂದು ಗೇಣು ಎತ್ತರ ನಿಲ್ಲುವ ಗಾಡಿ ಇಲ್ಲದೆ ತಲುಪುವುದು ಸಾಧ್ಯವೇ ಇಲ್ಲವೆಂದು ವಾದಿಸಿದ್ದೆ. "ಪೋಸ್ಟ್‌ಮ್ಯಾನ್ ಸೈಕಲ್ಲಲ್ಲಿ ಬರ್ತಾನಲ್ರೀ" ಎಂದಳು ಹೆಂಡತಿ. ಅವನಿಗೆ ಸಾಹಸ ಮನೋಭಾವ ಇಲ್ಲ ಎಂದೆ. ಬಣ್ಣದ ವಿಷಯದಲ್ಲೂ ಅವಳದು ಬೇರೆ ಮತ: ಬಿಳಿ. ಬಿಳಿಯ ಮೇಲೆ ಕೆಸರು ಕಾಣುತ್ತದೆ, ಗೀರು ಅಷ್ಟಾಗಿ ಕಾಣುವುದಿಲ್ಲ. ಕಪ್ಪಿನ ಮೇಲೆ ಎರಡೂ ಕಾಣುತ್ತವೆ, ಬಿಸಿಲು ಬಿದ್ದರಂತೂ ಒರೆಸಿದ ಬಟ್ಟೆಯ ಸುತ್ತುಗಳೂ ಜೇಡರಬಲೆಯಾಗಿ ಎದ್ದು ಕಾಣುತ್ತವೆ. ಗಂಭೀರವಾಗಿರುತ್ತದೆ ಎಂದು ನಾನು ಕಪ್ಪನ್ನೇ ತಂದೆ.

ಡಾಂಬರು ರಸ್ತೆ ಒಂದು ಗೂಡಂಗಡಿಯ ಮುಂದೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಸೊಪ್ಪಿನಬೆಟ್ಟದ ನಡುವೆ ಕೆಮ್ಮಣ್ಣಿನ ದಾರಿ. ಎರಡೂ ಕಡೆ ಆಳೆತ್ತರದ ಧರೆ, ಧರೆಯ ಮೇಲಿಂದ ಬಗ್ಗಿ ನೋಡುವ ಸೀಗೆಮಟ್ಟಿ, ಅಲ್ಲಲ್ಲಿ ಮುಳ್ಳುಬಿದಿರು, ಉಳಿದ ಜಾಗದಲ್ಲೆಲ್ಲ ಲಂಟಾನ. ಈ ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಅಂದಕ್ಕೆಂದು ತಂದರು. ನಾಲ್ಕು ಮೂಲೆಯ ಕಾಂಡ, ಕೊಕ್ಕೆಯ ಹಾಗೆ ಬಾಗಿದ ಮುಳ್ಳು. ಮಲೆಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದೇ ಕಾಂಡ ಕಡಿದು ಬೇಯಿಸಿ ಕುರ್ಚಿ, ಮೇಜು ಮಾಡುತ್ತಾರೆ, ಅವರಿಗೆ ನನ್ನ ನಮಸ್ಕಾರ. ನಮ್ಮ ಮಾವನ ಊರಿನಲ್ಲಿ ಆ ಕಸುಬು ಇಲ್ಲ. ಅಲ್ಲಿಂದ ಬಹಳ ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಕಡಿದ ಕೊಂಬೆ ನಾವು ಊಟ ಮಾಡಿ ಹೊರಡುವಷ್ಟರಲ್ಲಿ ಮತ್ತೆ ಚಿಗುರಿರುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಮೊದಲು ಹೋದದ್ದು ಡಿಟೇಲಿಂಗ್ ಅಂಗಡಿಗೆ. ಕಾರಿಗೆ ಅಭ್ಯಂಜನ ಮಾಡಿಸುವ ಈ ಅಂಗಡಿಗಳಲ್ಲಿ ಎಸಿ ಇದೆ, ಕಾಫಿ ಕೊಡುತ್ತಾರೆ, ಬೆಲೆ ಹೇಳುವ ಮುಂಚೆ ಕೂರಿಸುತ್ತಾರೆ. "ಸರ್, ಸೆರಾಮಿಕ್ ಕೋಟಿಂಗ್ ಮಾಡಿಸಿ, 9ಎಚ್ ಗಡಸುತನ" ಎಂದ ಹುಡುಗ. ವಜ್ರದ ಗಡಸುತನ 10 ಎಂದು ಶಾಲೆಯಲ್ಲಿ ಕಲಿತದ್ದು ನೆನಪಿತ್ತು. ಒಂದೇ ಅಂಕ ಕಮ್ಮಿ! ಮನೆಗೆ ಬಂದು ಸಾರಿದೆ. ಎಂಜಿನಿಯರಿಂಗ್ ಓದುವ ಮಗಳು ತಲೆ ಎತ್ತದೆ ಹೇಳಿದಳು, "ಅಪ್ಪಾ, ಅದು ವಜ್ರದ ಲೆಕ್ಕ ಅಲ್ಲ. ಪೆನ್ಸಿಲ್ ಲೆಕ್ಕ."

ನಿಜವಂತೆ. ಬಣ್ಣದ ಗಡಸುತನ ನೋಡಲು ಪೆನ್ಸಿಲನ್ನು 45 ಡಿಗ್ರಿಗೆ ಹಿಡಿದು ಮೇಲ್ಮೈಗೆ ಒತ್ತಿ ತಳ್ಳುತ್ತಾರೆ. ಮೆತ್ತನೆಯ 6ಬಿಯಿಂದ ಶುರುವಾಗಿ ಗಟ್ಟಿಯಾದ 9ಎಚ್‌ವರೆಗೆ. 9ಎಚ್ ಪೆನ್ಸಿಲಿಗೂ ಗೀರು ಬೀಳದಿದ್ದರೆ ಅದು 9ಎಚ್. ಪೆನ್ಸಿಲಿನ ಕಡ್ಡಿಯೆಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ದಾರಿಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಕ್ಕೆ ಅದು ಲೆಕ್ಕಕ್ಕೇ ಇಲ್ಲ. ಸೆರಾಮಿಕ್ ಲೇಪದಿಂದ ಪ್ರಯೋಜನ ಇದೆ. ನೀರು ನಿಲ್ಲದೆ ಉರುಳಿಹೋಗುತ್ತದೆ, ಕೆಸರು ಸುಲಭವಾಗಿ ಬಿಡುತ್ತದೆ, ಹೊಳಪು ಬಹುಕಾಲ ನಿಲ್ಲುತ್ತದೆ. ಮುಳ್ಳುಕೊಂಬೆಯನ್ನು ಮಾತ್ರ ಅದು ತಡೆಯದು. "ಅಜ್ಜನ ಮನೆ ದಾರೀಲಿ ಪೆನ್ಸಿಲ್ ಮರ ಎಷ್ಟಿದೆ ನೋಡ್ಕೊಂಡು ಮಾಡಿಸಪ್ಪಾ" ಎಂದಳು ಮಗಳು. ಇವಳ ಕಾಲೇಜಿನ ಫೀಸು ನಾನೇ ಕಟ್ಟುತ್ತಿದ್ದೇನೆ.

ಮುಳ್ಳನ್ನು ಒಂದಿಷ್ಟಾದರೂ ತಡೆಯುವುದು ಪಿಪಿಎಫ್ ಎಂಬ ಪಾರದರ್ಶಕ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳ ಅಂಚು ಮರಳಿಗೆ ಸವೆಯದಿರಲೆಂದು ಹುಟ್ಟಿದ ತಂತ್ರ ಇದು. ಈಗ ಪಾಲಿಯುರೆಥೇನಿನಲ್ಲಿ, 150ರಿಂದ 200 ಮೈಕ್ರಾನ್ ದಪ್ಪಕ್ಕೆ ಬರುತ್ತದೆ, ಅಂದರೆ ಕಾರಿನ ಬಣ್ಣಕ್ಕಿಂತ ಬಣ್ಣದ ಅಂಗಿಯೇ ದಪ್ಪ. ಸಣ್ಣ ಗೀರುಗಳು ಬಿಸಿಲಿಗೋ ಬಿಸಿನೀರಿಗೋ ತಾವೇ ಮುಚ್ಚಿಕೊಳ್ಳುತ್ತವೆ. ಆಳವಾಗಿ ಹರಿದರೆ ಹಾಳೆ ಹೋಗುತ್ತದೆ, ಬಣ್ಣ ಉಳಿಯುತ್ತದೆ, ಹಾಳೆ ಬದಲಿಸಬಹುದು. ಇಡೀ ಕಾರಿಗೆ ಒಂದೂವರೆ ಲಕ್ಷ ಎಂದರು. "ಬಿಸಿನೀರು ಬಿಟ್ಟರೆ ವಾಸಿಯಾಗತ್ತಾ? ಮಿಕ್ಕಿದ್ದನ್ನ ನನ್ನ ಸೊಂಟಕ್ಕೂ ಅಂಟಿಸ್ಕೊಂಡು ಬನ್ನಿ" ಎಂದಳು ಹೆಂಡತಿ. ಚೌಕಾಸಿಯ ಕೊನೆಗೆ ಬಾನೆಟ್ಟು, ಮುಂದಿನ ಬಂಪರು ಮತ್ತು ಕನ್ನಡಿಗಳಿಗೆ ಮಾತ್ರ ಮಂಜೂರಾಯಿತು. ಕೊಂಬೆಗಳು ಉಜ್ಜುವುದು ಬಾಗಿಲುಗಳಿಗೆ ಎಂಬ ನನ್ನ ಅಹವಾಲನ್ನು ಬಜೆಟ್ ಮುಗಿದಿದೆ ಎಂದು ತಳ್ಳಿಹಾಕಲಾಯಿತು.

ಆಸ್ಟ್ರೇಲಿಯಾದವರ ಉಪಾಯವೊಂದಿದೆ. ಬಂಪರಿನ ಮುಂದೆ ಕೂರಿಸುವ ಬುಲ್‌ಬಾರ್ ಎಂಬ ಲೋಹದ ಚೌಕಟ್ಟಿನಿಂದ ಕಾರಿನ ಚಾವಣಿಯ ಚೌಕಟ್ಟಿಗೆ ಎರಡು ಕಡೆ ಉಕ್ಕಿನ ತಂತಿ ಬಿಗಿದರೆ ಬಗ್ಗಿದ ಕೊಂಬೆಗಳು ತಂತಿಯ ಮೇಲೆ ಜಾರಿ ಹೋಗುತ್ತವೆ. ಗಾಜು ಉಳಿಯುತ್ತದೆ, ಬಣ್ಣವೂ ಒಂದಷ್ಟು ಉಳಿಯುತ್ತದೆ. ಆದರೆ ನಮ್ಮಲ್ಲಿ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಬುಲ್‌ಬಾರ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಲು ಹೇಳಿದೆ. ಪಾದಚಾರಿಗೂ ಅಪಾಯ, ಕಾರಿನೊಳಗಿನವರಿಗೂ ಅಪಾಯ. ಹಾಗಾಗಿ ಅದು ಕೈಬಿಟ್ಟಿತು. ಹೆಂಡತಿಗೆ ಮಾತ್ರ ಬೇಸರ: "ತಂತಿ ಇದ್ದಿದ್ರೆ ಬಟ್ಟೆ ಒಣಗಿಸ್ಕೊಂಡೇ ಹೋಗಬಹುದಿತ್ತು."

ಕೊನೆಗೆ ನಾವು ಆರಿಸಿಕೊಂಡದ್ದು ಅತ್ಯಂತ ಅಗ್ಗದ, ಅತ್ಯಂತ ಪರಿಣಾಮಕಾರಿಯಾದ ಮಾರ್ಗ: ನಿಧಾನ. ವೇಗದಲ್ಲಿ ಹೋದರೆ ಕೊಂಬೆ ಚಾಟಿಯೇಟು ಕೊಡುತ್ತದೆ, ನಡಿಗೆಯ ವೇಗದಲ್ಲಿ ಹೋದರೆ ಸವರಿ ಬಿಡುತ್ತದೆ. ಕನ್ನಡಿ ಮಡಚಬೇಕು. ಇಳಿದು ನೋಡಬೇಕು. ಒಬ್ಬರು ಮುಂದೆ ನಡೆದು ಕೊಂಬೆ ಎತ್ತಿ ಹಿಡಿಯಬೇಕು. ಹೀಗೆ ಗೂಡಂಗಡಿ ದಾಟುತ್ತಲೇ ಹೆಂಡತಿಯ ಕೈಗೆ ಕೊಡೆ, ಮಗಳ ಕೈಗೆ ಕತ್ತಿ ಕೊಟ್ಟು ಇಳಿಸಿದೆ. ಕಾರಿನಲ್ಲಿ ಹೋಗಲೆಂದು ಹೊರಟ ಸಂಸಾರ ಕಾರಿನ ಮುಂದೆ ಕೆಸರು ತುಳಿಯುತ್ತ ನಡೆಯಿತು. ಒಳಗೆ ನಾನೊಬ್ಬನೇ, ಎಸಿ ಹಾಕಿಕೊಂಡು, ಕಿಟಕಿಯಿಂದ ನಿರ್ದೇಶನ ಕೊಡುತ್ತ. ಎದುರಿಗೆ ಹುಲ್ಲಿನ ಹೊರೆ ಹೊತ್ತು ಬಂದವನೊಬ್ಬ ಮರುಕದಿಂದ ನಿಂತು ಕೇಳಿದ, "ಕೆಟ್ಟು ಹೋಯ್ತನಾ ಅಮ್ಮ? ನೂಕಬೇಕಾ?" "ಕಾರು ಸರಿಯಾಗೇ ಇದೆಯಪ್ಪ" ಎಂದಳು ಅವಳು, 'ಕಾರು' ಎಂಬುದನ್ನು ಸ್ವಲ್ಪ ಒತ್ತಿ.

ಉಣಗೋಲಿನ ಹತ್ತಿರ ಮಾವ ಕಾದಿದ್ದರು. ಬಾಗಿಲುಗಳ ಬಗ್ಗೆ ನನ್ನ ಆತಂಕ ಕೇಳಿ, "ಅಷ್ಟೇ ಅಲ್ಲವ ಮಾರಾಯ್ರೆ" ಎಂದು ತೋಟದ ಹುಡುಗನಿಗೆ ಹೇಳಿ ಒಣಗಿದ ಅಡಿಕೆ ಹಾಳೆ ತರಿಸಿದರು. ಮರಳಿ ಹೋಗುವಾಗ ಎರಡೂ ಕಡೆಯ ಬಾಗಿಲಿಗೆ ಹಾಳೆಗಳನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಕಳಿಸುವುದೆಂದು ಯೋಜನೆ. ಟೋಪಿ ಮಾಡಿದರೆ ತಲೆ ಕಾಯುತ್ತದೆ, ತಟ್ಟೆ ಮಾಡಿದರೆ ಊಟ ಹಿಡಿಯುತ್ತದೆ, ಕಾರು ಯಾವ ಲೆಕ್ಕ? ನನಗೂ ಕಣ್ಣಲ್ಲಿ ನೀರು ಬಂತು. ಆದರೆ ಓದಿಕೊಂಡವನ ಕರ್ಮ ನೋಡಿ: ಹೊದಿಕೆಗೂ ಬಣ್ಣಕ್ಕೂ ನಡುವೆ ಧೂಳು ಸಿಕ್ಕಿಕೊಂಡು, ಕಾರು ಅಲುಗಿದಂತೆಲ್ಲ ಉಜ್ಜಿ ಉಜ್ಜಿ ಮರಳುಕಾಗದದ ಕೆಲಸ ಮಾಡುತ್ತದೆ. ಕೊಳೆ ಕಾರಿಗೆ ಕವರು ಹಾಕಬಾರದೆನ್ನುವುದೂ ಇದಕ್ಕೇ. ಕಟ್ಟುವುದಾದರೆ ಮೊದಲು ಕಾರನ್ನು ಚೊಕ್ಕಟವಾಗಿ ತೊಳೆಯಬೇಕು ಎಂದೆ. ಮಾವ ಹಾಳೆ ಕೆಳಗಿಟ್ಟರು.

ತೊಳೆಯುವುದು ಎಂದರೆ ಏನೆಂದು ತಿಳಿದಿರೋ! ನೋಡಿ, ಕಾಡಿನ ದಾರಿಯಲ್ಲಿ ಬಿದ್ದ ಗೀರಿಗಿಂತ ಮನೆಗೆ ಬಂದು ಒಣಕೆಸರನ್ನು ಬಟ್ಟೆಯಲ್ಲಿ ಒರೆಸಿದಾಗ ಬೀಳುವ ಗೀರುಗಳೇ ಹೆಚ್ಚು. ಒರೆಸಲೇಬಾರದು. ಮೊದಲು ಬರೀ ನೀರು ಬಿಟ್ಟು ಕೆಸರು ನೆನೆಸಿ ಇಳಿಸಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂವಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಮೇಲಿನಿಂದ ಕೆಳಗೆ ತೊಳೆಯಬೇಕು. ಆ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸದೆ ಮತ್ತೆ ಶಾಂಪೂವಿಗೆ ಅದ್ದಕೂಡದು. ಚಕ್ರಕ್ಕೆ ಬೇರೆಯದೇ ಬಟ್ಟೆ. ಇದನ್ನು ಅಂಗಳದಲ್ಲಿ ತೋಟದ ಹುಡುಗನಿಗೆ ವಿವರಿಸಿ ವಿವರಿಸಿ ಸೋತೆ. ಅವನ ಕೈಯಲ್ಲಿ ತೆಂಗಿನ ನಾರಿತ್ತು. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ, ಜೀವಮಾನದಲ್ಲಿ ಕಾರಿನ ಬಗ್ಗೆ ಮಾತಾಡದವರು, ತಲೆಯೆತ್ತಿ ಹೇಳಿದರು, "ಅದ್ರಲ್ಲಿ ಎಂತದಾ ತಿಳಿಯೋಕೆ? ಒಂದು ಬಕೆಟ್ಟು ಮಡಿ, ಒಂದು ಬಕೆಟ್ಟು ಮೈಲಿಗೆ. ಮೈಲಿಗೆ ಬಟ್ಟೆ ಮಡಿ ಬಕೆಟ್ಟಿಗೆ ಮುಟ್ಟಿಸಬೇಡ. ಚಕ್ರ ಮುಟ್ಟಿದ್ದು ಬಾನೆಟ್ಟು ಮುಟ್ಟಬಾರದು."

ಇಷ್ಟು ನಿಖರವಾಗಿ ಯಾವ ಡಿಟೇಲಿಂಗ್ ಅಂಗಡಿಯವನೂ ಹೇಳಿಲ್ಲ. ಅಂದಿನಿಂದ ಆ ಮನೆಯಲ್ಲಿ ನನ್ನ ಕಾರು ತೊಳೆಯುವುದನ್ನು ಅತ್ತೆಯೇ ಜಗಲಿಯಿಂದ ನೋಡಿಕೊಳ್ಳುತ್ತಾರೆ. ಮೈಲಿಗೆಯ ಬಕೆಟ್ಟಿನಲ್ಲಿ ಕೈಯಿಟ್ಟ ನನ್ನನ್ನು ಊಟಕ್ಕೆ ಮುಂಚೆ ಮತ್ತೊಮ್ಮೆ ಸ್ನಾನಕ್ಕೆ ಕಳಿಸುತ್ತಾರೆ ಎಂಬುದೊಂದೇ ತೊಂದರೆ.

ಅಡಿಕೆ ತೋಟದ ಅಂಚಿನಲ್ಲಿ ನಿಲ್ಲಿಸುವವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಸೂರು ಸಂಸ್ಥಾನದ ಅಡಿಕೆಗೆ ಅದನ್ನು ತಂದವರು ಕೆನಡಾದ ಲೆಸ್ಲಿ ಕೋಲ್ಮನ್, ಮಾವ ಇಂದಿಗೂ ಆ ಹೆಸರನ್ನು ಭಕ್ತಿಯಿಂದ ಹೇಳುತ್ತಾರೆ. ಒಮ್ಮೆ ಮರದ ತುದಿಯಿಂದ ಗಾಳಿಗೆ ಹಾರಿದ ಹನಿ ನನ್ನ ಕಪ್ಪು ಕಾರಿನ ಮೇಲೆ ತಿಳಿನೀಲಿ ಚುಕ್ಕಿಯಾಗಿ ಕೂತು ಒಣಗಿತು. ಸುಣ್ಣ ಬಣ್ಣವನ್ನು ತಿನ್ನುತ್ತದೆ ಎಂದು ನಾನು ಕೊಡ ಹಿಡಿದು ಓಡಿದೆ. "ಕಾರಿಗೆ ಇನ್ನು ಕೊಳೆರೋಗ ಬರೂದಿಲ್ಲ, ಬಿಡಿ" ಎಂದರು ಮಾವ.

ಇಷ್ಟೆಲ್ಲ ಆದರೂ ಗೀರು ಬಿದ್ದೇ ಬಿತ್ತು. ಎಡಗಡೆ ಹಿಂದಿನ ಬಾಗಿಲಿನ ಉದ್ದಕ್ಕೂ ಬೆಳ್ಳಗೆ. ಉಗುರಿನಿಂದ ಅಡ್ಡಲಾಗಿ ಸವರಿ ನೋಡಿದೆ. ಉಗುರು ತಡೆಯದಿದ್ದರೆ ಗೀರು ಕ್ಲಿಯರ್ ಕೋಟಿನ ಮೇಲ್ಭಾಗದಲ್ಲೇ ಇದೆ, ಪಾಲಿಶ್ ಮಾಡಿದರೆ ಹೋಗುತ್ತದೆ. ತಡೆದರೆ ಆಳ, ಬಣ್ಣವೇ ಹಚ್ಚಬೇಕು. ತಡೆಯಲಿಲ್ಲ. ಆದರೆ ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ, ಸುತ್ತಲಿನ ಕ್ಲಿಯರ್ ಕೋಟನ್ನೇ ಗೀರಿನ ಮಟ್ಟಕ್ಕೆ ಸವೆಸುವುದು. ಇರುವ 40–50 ಮೈಕ್ರಾನಿನ ಬಂಡವಾಳದಲ್ಲಿ ಪ್ರತಿಸಲ ಒಂದಿಷ್ಟು ಕರಗುತ್ತದೆ. ಸವೆಸಲೋ ಬಿಡಲೋ ಎಂದು ನಾನು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಗ ಮಾವ ತಮ್ಮ ಹಳೆಯ ಜೀಪಿನ ಪಕ್ಕ ಡಬ್ಬಿ, ಬ್ರಷ್ ಹಿಡಿದು ನಿಂತಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮುಂಚೆ ಕಿಟಕಿಯ ಸರಳಿಗೆ ಹೊಡೆದು ಮಿಕ್ಕ ಹಸಿರು ಬಣ್ಣವನ್ನು ಜೀಪಿಗೂ ಬಳಿಯುತ್ತಾರೆ. ಅದರ ಮೇಲೆ ಬಣ್ಣ ಎಷ್ಟು ಮೈಕ್ರಾನ್ ಇದೆಯೋ ಅಳೆಯಲು ಯಂತ್ರ ಸಾಲದು, ಅಡಿಪಟ್ಟಿ ಬೇಕು. ಅವರು ನನ್ನ ಬಾಗಿಲು ನೋಡಿದರು, ಬ್ರಷ್ ನೋಡಿಕೊಂಡರು. "ಬೇಡ ಮಾವ" ಎಂದೆ, ಬಾಗಿಲಿಗೆ ಬೆನ್ನು ಕೊಟ್ಟು.

ಈಗ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಕಾಡಿನ ದಾರಿಗೆಂದೇ ಕೊಂಡ ನನ್ನ ಗಾಡಿಯನ್ನು ಡಾಂಬರು ಮುಗಿಯುವಲ್ಲಿ, ಗೂಡಂಗಡಿಯ ಪಕ್ಕದ ತಗಡಿನ ಚಪ್ಪರದಲ್ಲಿ ಬಿಡುವುದು. ಅಲ್ಲಿಂದ ಮಾವನ ಜೀಪು. ಸೀಗೆ, ಲಂಟಾನ ಎರಡೂ ಕಡೆ ಚರಚರ ಉಜ್ಜುತ್ತವೆ, ಮಾವ ಅಡಿಕೆ ರೇಟಿನ ಮಾತಾಡುತ್ತ ಮೂರನೇ ಗೇರಿನಲ್ಲಿ ಓಡಿಸುತ್ತಾರೆ, ನಾನು ಕಣ್ಣುಮುಚ್ಚಿ ಕೂರುತ್ತೇನೆ, ನನ್ನದಲ್ಲದ ಬಣ್ಣಕ್ಕೂ ಹೊಟ್ಟೆ ಉರಿಯುತ್ತದೆ.

ಕಳೆದ ಬಾರಿ ಹಬ್ಬ ಮುಗಿಸಿ ಚಪ್ಪರಕ್ಕೆ ಮರಳಿದಾಗ ಕಾರಿನ ಮೇಲೆ ಕೆಂಪು ಧೂಳು ಹಾಸಿತ್ತು. ಊರಿನ ಮಕ್ಕಳು ಹಿಂದಿನ ಬಾಗಿಲಿನ ಮೇಲೆ ಬೆರಳಿನಲ್ಲಿ ಚುಕ್ಕಿ ಸೇರಿಸುವ ಆಟ ಆಡಿ ಅರ್ಧಕ್ಕೇ ಬಿಟ್ಟು ಹೋಗಿದ್ದರು. ಧೂಳಿನ ಮೇಲೆ ಬೆರಳಾಡಿಸಿದರೆ ಪ್ರತಿ ಕಣವೂ ಕ್ಲಿಯರ್ ಕೋಟನ್ನು ಕೊರೆಯುತ್ತದೆ, ಯಾರೂ ಮುಟ್ಟಬೇಡಿ, ಮೊದಲು ನೀರು ಬಿಡೋಣ ಎಂದು ನಾನು ಗೂಡಂಗಡಿಯವನನ್ನು ಕೊಡ ಕೇಳುತ್ತಿದ್ದೆ. ಹೆಂಡತಿ ಬಾಗಿಲ ಹತ್ತಿರ ಬಗ್ಗಿ ಚೌಕಗಳನ್ನು ಎಣಿಸುತ್ತಿದ್ದಳು. "ಇಲ್ಲೊಂದು ಗೀಟು ಎಳೆದ್ರೆ ಎರಡು ಮನೆ ಒಟ್ಟಿಗೆ ಬರತ್ತೆ ಕಣೇ" ಎಂದು ಮಗಳಿಗೆ ತೋರಿಸಿ, ನಾನು ತಿರುಗುವಷ್ಟರಲ್ಲಿ ಎಳೆದೇಬಿಟ್ಟಳು.