ತೋಳದ ಅಧ್ಯಯನಕ್ಕೆ ವೀಸಾ ಪಡೆದವರಿಗೊಂದು ಬಹಿರಂಗ ಪತ್ರ

ಕೊಪ್ಪಳ ಜಿಲ್ಲೆಯಿಂದ ವನ್ಯಜೀವಿ ಸಂಶೋಧನೆಯ ಇಂಟರ್ನ್‌ಶಿಪ್‌ಗಾಗಿ ಅಮೆರಿಕಕ್ಕೆ ಹೊರಟಿರುವ ಪ್ರಾಣಿಶಾಸ್ತ್ರ ಪದವೀಧರರಿಗೆ,



ಇಂಟರ್ನ್‌ಶಿಪ್ ಎಂಬುದು ಕಾಡಿನಲ್ಲಿ ಹಿಕ್ಕೆ ಹೆಕ್ಕುವ, ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳ ಬ್ಯಾಟರಿ ಬದಲಿಸುವ, ರಾತ್ರಿ ಕುಳಿತು ಅಂಕಿಅಂಶಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸಗಳನ್ನು ಸಂಬಳವಿಲ್ಲದೆ, ಕೆಲವೆಡೆ ಕೈಯಿಂದಲೇ ಶುಲ್ಕ ಕಟ್ಟಿ ಕಲಿಯುವ ವ್ಯವಸ್ಥೆಯಾಗಿದೆ. ಇದೇ ಹಿಕ್ಕೆಯನ್ನು ಕುಷ್ಟಗಿಯ ಮಡ್ಡಿಯಲ್ಲಿ ಹೆಕ್ಕಿದವನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಸಮಾಜ, ವಿಮಾನ ಹತ್ತಿ ಹೋಗಿ ಹೆಕ್ಕುವವನಿಗೆ ಗಂಗಾವತಿಯ ಬಸ್ ನಿಲ್ದಾಣದ ಎದುರು ಅಭಿನಂದನೆಯ ಫ್ಲೆಕ್ಸ್ ಕಟ್ಟುತ್ತದೆ. ಆದಕಾರಣ ಪದವೀಧರರ ನಿರ್ಧಾರವನ್ನು ಎತ್ತಿಹಿಡಿಯುವುದೇ ಈ ಪತ್ರದ ಉದ್ದೇಶ.

ಸ್ಥಳದ ಆಯ್ಕೆಯಲ್ಲೂ ತಪ್ಪು ಕಾಣಿಸದು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ತೋಳಗಳನ್ನು 1926ರ ಹೊತ್ತಿಗೆ ಕೊಂದು ಮುಗಿಸಿದ ಅಮೆರಿಕ, ಹೆದರಿಸುವವರಿಲ್ಲದ ಎಲ್ಕ್ ಎಂಬ ಭಾರಿ ಜಿಂಕೆಗಳು ಎಳೆ ಗಿಡಗಳನ್ನೆಲ್ಲ ಮೇಯತೊಡಗಿದ ಮೇಲೆ, 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತರಿಸಿಕೊಂಡು, ಇರುವ ಜಾಗವನ್ನು ಸಂಕೇತದ ಮೂಲಕ ತಿಳಿಸುವ ರೇಡಿಯೊ ಕಾಲರ್ ಎಂಬ ಪಟ್ಟಿಯನ್ನು ಕೊರಳಿಗೆ ಕಟ್ಟಿ, ಒಂದೊಂದರ ವಂಶಾವಳಿಯನ್ನೂ ಬರೆದಿಟ್ಟಿತು. ಕೊಪ್ಪಳದ ತೋಳವಾದರೋ ಇಂಥ ಮರ್ಯಾದೆಗೆ ಬೇಕಾದ ಮೊದಲ ಅರ್ಹತೆಯನ್ನೇ, ಅಂದರೆ ನಿರ್ನಾಮವಾಗುವುದನ್ನೇ, ಇನ್ನೂ ಗಳಿಸಿಲ್ಲ. ಭಾರತ ಮತ್ತು ಪಾಕಿಸ್ತಾನದಲ್ಲಿ ಈ ತಳಿಯ ಸುಮಾರು 3000 ತೋಳಗಳಷ್ಟೇ ಉಳಿದಿವೆ ಎಂಬ ಅಂದಾಜಿರುವುದರಿಂದ ಭರವಸೆ ಕಳೆದುಕೊಳ್ಳಬೇಕಾಗಿಲ್ಲ. ತೋಳ ಬಾಳುವ ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬರೆದುಕೊಳ್ಳುವ ಕಡತಗಳು, ಯಲಬುರ್ಗಾ ಮತ್ತು ಕುಷ್ಟಗಿಯ ಬಯಲುಗಳಲ್ಲಿ ಎದ್ದಿರುವ ಗಾಳಿಯಂತ್ರಗಳು, ಅವುಗಳಿಗಾಗಿ ಕಡಿದ ರಸ್ತೆಗಳು, ತೋಳಕ್ಕೆ ರೋಗವನ್ನೂ ಬೆರಕೆ ಸಂತಾನವನ್ನೂ ದಯಪಾಲಿಸಬಲ್ಲ ಬೀದಿನಾಯಿಗಳು, ಎಲ್ಲವೂ ಆ ಅರ್ಹತೆಯತ್ತಲೇ ಶ್ರದ್ಧೆಯಿಂದ ದುಡಿಯುತ್ತಿವೆ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ವಿಸ್ತಾರದ ತೋಳಧಾಮವಿದೆ ಎಂದು ಯಾರಾದರೂ ತಡೆದಾರು. ಅಲ್ಲಿ 2025ರಲ್ಲಿ ಒಂದು ತಾಯಿತೋಳ 8 ಮರಿಗಳಿಗೆ ಜನ್ಮ ನೀಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೂ ನಿಜ. ಆದರೆ 332 ಹೆಕ್ಟೇರ್ ಎಂದರೆ 3 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ತೋಳದ ಒಂದು ಹಿಂಡು ತಿರುಗಾಡುವ ವ್ಯಾಪ್ತಿಯೋ 100 ಚದರ ಕಿಲೋಮೀಟರನ್ನೂ ಮೀರುವುದುಂಟು. ಧಾಮದ ಗಡಿ ದಾಟಿದ ಮರುಗಳಿಗೆಯಿಂದ ಅದು ಸರ್ಕಾರದ ಸೊತ್ತಾಗಿ ಉಳಿಯುವುದು ಕಾಗದದ ಮೇಲೆ ಮಾತ್ರ, ಬದುಕುವುದು ಕುರಿಗಾಹಿಯ ಲೆಕ್ಕದಲ್ಲಿ.

ಈ ಕುರಿಗಾಹಿಯ ಸಹವಾಸದಿಂದಲಂತೂ ಪದವೀಧರರು ದೂರವಿರುವುದೇ ಲೇಸು. ಬಿಸಿಲಿಗೆ ಸುಣ್ಣದಂತೆ ಬೆಳ್ಳಗಾದ ಹಿಕ್ಕೆಯನ್ನು ಆತ ಕೋಲಿನ ತುದಿಯಿಂದ ಒಡೆದು, ಮೂಳೆಚೂರುಗಳ ನಡುವೆ ಸಿಕ್ಕಿಕೊಂಡ ಕೂದಲನ್ನು ಬೆರಳಿನಲ್ಲಿ ಹೊಸೆದು ನೋಡಿ, ತಿಂದದ್ದು ಕೆಂಗುರಿಯನ್ನೋ ಮೊಲವನ್ನೋ ಹೇಳಿಬಿಡುತ್ತಾನೆ. ಮೂಳೆಯ ಸುಣ್ಣಾಂಶದಿಂದಲೇ ಹಿಕ್ಕೆ ಬಿಳಿಚುತ್ತದೆ ಎಂಬುದನ್ನು ಪಠ್ಯಪುಸ್ತಕದಲ್ಲಿ ಓದಿದವರಿಗೆ ಇದು ಮುಜುಗರದ ಸಂಗತಿ. ಕುರಿ ಕಳೆದುಕೊಂಡ ಮೇಲೂ ಅದು ತೋಳದ ಪಾಲು ಎಂದು ಸುಮ್ಮನಾಗುವ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ, ಅಂದರೆ ತೋಳವೂ ಇರುವ ಗರಿಷ್ಠ ರಕ್ಷಣೆಯ ಪಟ್ಟಿ, ಅವರಿಗೆ ಗೊತ್ತಿರಲಾರದು. ಪ್ರಬಂಧಗಳಲ್ಲಿ ಇಂಥವರಿಗೆ ಮೀಸಲಾದ ಜಾಗ ಕೊನೆಯ ಪುಟದ ಕೃತಜ್ಞತೆ. ಅಲ್ಲಿಯೂ ಹೆಸರಿನ ಬದಲು ಸ್ಥಳೀಯ ಸಹಾಯಕರು ಎಂದಿದ್ದರೆ ಸಾಕಾಗುತ್ತದೆ.

ತಪ್ಪು ಪದವೀಧರರದಲ್ಲ ಎಂಬುದನ್ನು ಮಾತ್ರ ವ್ಯಂಗ್ಯವಿಲ್ಲದೆ ಹೇಳಬೇಕು. ತೋಳ ಎದುರಿಗೇ ಇರುವ ಜಿಲ್ಲೆಯಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಕಪ್ಪೆಯ ರೇಖಾಚಿತ್ರ ಬರೆದು ಪದವಿ ಪಡೆಯುತ್ತಾನೆ. ಈಚೆಗೆ ಹುಟ್ಟಿದ ಕೊಪ್ಪಳ ವಿಶ್ವವಿದ್ಯಾಲಯ ಕಣ್ಣು ಬಿಡುವ ಮೊದಲೇ 2025ರಲ್ಲಿ ಅದನ್ನು ಮುಚ್ಚುವ ಚರ್ಚೆ ಸರ್ಕಾರದ ಮಟ್ಟದಲ್ಲಿ ನಡೆಯಿತು. ತಾಲ್ಲೂಕಿಗೊಬ್ಬ ಯುವಕನಿಗೋ ಯುವತಿಗೋ ತಿಂಗಳ ಗೌರವಧನ ಕೊಟ್ಟು, ಕುರಿಗಾಹಿಯ ಜೊತೆ ಒಂದು ವರ್ಷ ಹಿಕ್ಕೆ ಹೆಕ್ಕಲು ಕಳುಹಿಸಿದರೆ ಜಿಲ್ಲೆಯ ಖಜಾನೆ ಬರಿದಾಗುವುದಿಲ್ಲ. ವಿದೇಶದ ಕಲಿಕೆ ಅದಕ್ಕೆ ಅಡ್ಡಿಯೂ ಅಲ್ಲ; ಕಾಲರ್ ತೊಡಿಸುವ ಕೌಶಲ ಕಲಿತು ಮರಳಿದವರಿಗೆ ಇಲ್ಲಿ ಮಾಡುವ ಕೆಲಸವೊಂದು ಇರಬೇಕಷ್ಟೆ.

ಆದುದರಿಂದ ಪದವೀಧರರು ಹೊರಡುವ ಮುನ್ನ ಯಲಬುರ್ಗಾ ಕಡೆಯ ಯಾವುದಾದರೊಂದು ಕುರಿಹಟ್ಟಿಯಲ್ಲಿ ಒಂದು ರಾತ್ರಿ ಕಳೆದು ಬರಬೇಕೆಂದು ಕೋರಲಾಗಿದೆ. ಶುಲ್ಕವಿಲ್ಲ, ವೀಸಾ ಬೇಕಿಲ್ಲ. ಕಂಬಳಿಯನ್ನು ಮಾತ್ರ ಅಭ್ಯರ್ಥಿಗಳೇ ತರತಕ್ಕದ್ದು.

ಇತಿ,
ಜಿಲ್ಲೆಯ ಹಿತೈಷಿಗಳು