ಅಪ್ಪಟ ರುಚಿಯ ಆರಾಧಕರು

ಕಕ್ಕಡ ಮಾಸದ ಜಡಿಮಳೆಯಲ್ಲಿ ಮಡಿಕೇರಿಯ ಆಸುಪಾಸಿನ ಕಾಫಿತೋಟದೊಳಗಣ ಯಾವುದಾದರೊಂದು ಹೋಮ್‌ಸ್ಟೇಯಲ್ಲಿ ನೀವು ಬೆಳಗಿನ ಉಪಾಹಾರಕ್ಕೆ ಕುಳಿತಿರಾದರೆ, ಎದುರಿನ ಕುರ್ಚಿಯಲ್ಲಿ ಈ ಮಹನೀಯರ ದರ್ಶನ ಆಗಿಯೇ ತೀರುವುದು. ಬೆಂಗಳೂರಿನಿಂದ ಸುಮಾರು 250 ಕಿಲೋಮೀಟರು ಕ್ರಮಿಸಿ ಅವರು ಬಂದಿರುವುದು ಅಬ್ಬಿ ಜಲಪಾತಕ್ಕಲ್ಲ, ರಾಜಾಸೀಟಿನ ಸೂರ್ಯಾಸ್ತಕ್ಕೂ ಅಲ್ಲ. ಅಪ್ಪಟ ಕೊಡಗಿನ ಅಡಿಗೆಗಾಗಿ. ಪೆಟ್ಟಿಗೆಯ ತಳದಲ್ಲಿ ಚಟ್ನಿಪುಡಿಯ ಡಬ್ಬಿಯೊಂದಿರುವುದು ಕೇವಲ ಮಡದಿಯ ಒತ್ತಾಯದಿಂದ.

ನಾನು ಕಂಡ ಆರಾಧಕರು ಹುಟ್ಟಾ ಶಾಕಾಹಾರಿಗಳು. ಪಂದಿಕರಿಯನ್ನು ಕಣ್ಣೆತ್ತಿಯೂ ನೋಡದವರಾದರೂ, ಅದಕ್ಕೆ ಹುಳಿಯನ್ನೂ ಕಪ್ಪುಬಣ್ಣವನ್ನೂ ಕೊಡುವ ಕಾಚಂಪುಳಿಯ ವಿಷಯದಲ್ಲಿ, ಹಣ್ಣಿನಿಂದ ತೊಟ್ಟಿಕ್ಕುವ ರಸವನ್ನು ಹೇಗೆ ಶೇಖರಿಸಬೇಕು, ಎಷ್ಟು ಮಂದವಾಗುವವರೆಗೆ ಕುದಿಸಬೇಕು ಎಂಬುದನ್ನೆಲ್ಲ ಮನೆಯೊಡತಿಗೇ ಅರ್ಧ ಗಂಟೆ ಬೋಧಿಸಿದರು. ಆ ತಾಯಿ ವಿನಯದಿಂದ ತಲೆದೂಗಿ, ಒಳಗೆ ಒಲೆಯ ಮೇಲೆ ಅದೇ ರಸ ಉಕ್ಕುತ್ತಿದೆಯೆಂದು ಎದ್ದು ಹೋದರು. ಅಕ್ಕಿತರಿಯ ಬಿಸಿ ಕಡಂಬುಟ್ಟು ಬಂದಾಗ ಅದನ್ನು ಬೆರಳಿನಿಂದೊತ್ತಿ, ಇಡ್ಲಿಯ ಪೂರ್ವಜನೆಂದು ಘೋಷಿಸಿದರು. ಜೊತೆಗಿದ್ದ ಬೈಂಬಳೆ ಕರಿ, ಎಂದರೆ ನೀರಿನಲ್ಲಿ ದಿನಗಟ್ಟಲೆ ನೆನೆದ ಎಳೆಬಿದಿರಿನ ಪಲ್ಯ, ತನ್ನ ಪರಿಮಳವನ್ನು ಮೂಗಿನವರೆಗೆ ತಲುಪಿಸಿದೊಡನೆ ಅವರ ಸ್ವರ ತಗ್ಗಿತು.

"ಅಮ್ಮಾ, ಸ್ವಲ್ಪ ಕಾಯಿಚಟ್ನಿ ಏನಾದರೂ ಇದೆಯೇ?"

ಇರಲಿಲ್ಲ. ಡಬ್ಬಿ ಹೊರಬಂತು. ಮಧ್ಯಾಹ್ನ, ಸಮೀಪದಲ್ಲಿ ಇನ್ನೂ ಅಪ್ಪಟವಾದುದು ಸಿಕ್ಕೀತೆಂದು ನನ್ನನ್ನೂ ಎಳೆದುಕೊಂಡು ಪೇಟೆಗೆ ಹೋದವರು, ಮೂರು ಹೋಟೆಲುಗಳ ಫಲಕಗಳನ್ನು ಓದಿ ತಿರಸ್ಕರಿಸಿ, ನಾಲ್ಕನೆಯದರಲ್ಲಿ ಎರಡು ಪ್ಲೇಟು ಸೆಟ್‌ದೋಸೆಯನ್ನು "ಬರಿಯ ಹೋಲಿಕೆಗೆ" ಎಂದು ತಿಂದರು. ನಾನೂ ತಿಂದೆನೆಂಬುದನ್ನು ಮುಚ್ಚಿಡಲಾರೆ.

ಮರುದಿನ ಕಕ್ಕಡ ಪದಿನೆಟ್ಟು. ಆಗಸ್ಟ್ 3ರ ಸುಮಾರಿಗೆ ಬರುವ, ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಗಳು ಬಂದು ಸೇರುವುವೆಂದು ಕೊಡವರು ನಂಬುವ ದಿನ. ಸೊಪ್ಪನ್ನು ಕುದಿಸಿ ತೆಗೆದ ನೇರಳೆ ರಸದ ಪಾಯಸ ಬೆಲ್ಲ, ತೆಂಗಿನಕಾಯಿಗಳಿಂದ ಘಮಘಮಿಸುತ್ತಿತ್ತು. ಮಿಕ್ಕೆಲ್ಲವನ್ನೂ ತಾವೇ ಬಲ್ಲ ನಮ್ಮ ಆರಾಧಕರು ಇದೊಂದರ ಬಗೆಗೆ ಯಾರನ್ನೂ ಏನನ್ನೂ ಕೇಳದೆ ಮೂರು ಬಟ್ಟಲು ಹೀರಿದರು.

ಅದರ ಮಾರನೆಯ ಬೆಳಿಗ್ಗೆ ಸ್ನಾನಗೃಹದಿಂದ ಹೊರಬಿದ್ದ ಅವರ ಮುಖ ಸುಣ್ಣದ ಗೋಡೆಯಂತಿತ್ತು. ಹತ್ತಿರದಲ್ಲಿ ಮೂತ್ರಪಿಂಡದ ವೈದ್ಯರು ಯಾರಾದರೂ ಇರುವರೇ ಎಂದು ಪಿಸುಗುಟ್ಟಿದರು.

"ಕೆಂಪಾಯಿತೇ ಸಾರ್?" ಎಂದರು ಮನೆಯೊಡತಿ, ಬೆಲ್ಲದ ಕಾಫಿಯನ್ನು ಮುಂದಿಡುತ್ತ. "ಹಾಗಾದರೆ ಮದ್ದು ಚೆನ್ನಾಗಿ ಹಿಡಿದಿದೆ. ಇವತ್ತು ನಮಗೆಲ್ಲರಿಗೂ ಹಾಗೆಯೇ."

ಹತ್ತು ಗಂಟೆಗೆ ಅವರ ಕಾರು ಹೊರಟಿತು. ಮೇಜಿನ ಮೇಲೆ ಮರೆತುಹೋದ ಚಟ್ನಿಪುಡಿಯನ್ನು ಆ ಮನೆಯ ಮೊಮ್ಮಗ ಅಕ್ಕಿ ಓಟ್ಟಿಗೆ ಹಚ್ಚಿಕೊಂಡು ತಿಂದ. ನಾನೂ ಒಂದು ತುಂಡು ತಿಂದು ನೋಡಿದೆ, ಚೆನ್ನಾಗಿಯೇ ಇತ್ತು.