ಜೊಂಡಿಗೂ ಒಂದು ಮೂಲೆ ಬಿಡಿ

ಹಿತ್ತಲಲ್ಲಿ ಪಾತ್ರೆ ತೊಳೆದ ನೀರು ನಿಂತು ಕೆಸರಾಗುವ ಮೂಲೆಗೆ ನಮ್ಮವರು ಕಂಡುಕೊಂಡ ಮದ್ದು ಒಂದೇ: ಒಂದು ಲೋಡು ಜಲ್ಲಿ, ಎರಡು ಮೂಟೆ ಸಿಮೆಂಟು. ನೀರು ಪಕ್ಕದ ಮನೆಗೆ ಹೋಗುತ್ತದೆ, ಜಗಳ ಮಾತ್ರ ನಮ್ಮಲ್ಲೇ ಉಳಿಯುತ್ತದೆ. ಅಲ್ಲಿ ಜೊಂಡು ಬೆಳೆಸಬಾರದೇಕೆ? ಕೆರೆಯಂಚಿನಲ್ಲಿ ಕಂದು ಕಡುಬಿನಂಥ ತೆನೆ ಹೊತ್ತು ನಿಲ್ಲುವ, ಕೆಲವು ಕಡೆ ಆಪು ಎನ್ನುವ ಅದೇ ಜೊಂಡು. ಅದರ ಎಲೆಯನ್ನು ಅಡ್ಡ ಕೊಯ್ದು ನೋಡಿ, ಒಳಗೆಲ್ಲ ಟೊಳ್ಳು ಕೋಣೆಗಳು. ಆ ದಾರಿಯಲ್ಲೇ ಗಾಳಿ ಕೆಸರೊಳಗಿನ ಬೇರಿಗಿಳಿಯುತ್ತದೆ. ಬೇರಿನ ಸುತ್ತ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ, ಗಿಡ ಸಾರಜನಕ, ರಂಜಕಗಳನ್ನು ಹೀರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸಂಸ್ಕರಣಾ ಘಟಕದ ನೀರು ಕೆರೆ ಸೇರುವ ಮುನ್ನ ಇಂಥ ಜೌಗನ್ನು ಹಾದೇ ಬರುತ್ತದೆ. ಸಂಬಳ, ಭತ್ಯೆ ಕೇಳದ ಸಿಬ್ಬಂದಿ!

ಅದು ಊರೆಲ್ಲ ಹಬ್ಬುತ್ತದೆ ಎಂಬ ಆಕ್ಷೇಪ ಸುಳ್ಳೇನಲ್ಲ. ಒಂದು ತೆನೆಯಲ್ಲಿ ಲಕ್ಷಕ್ಕೂ ಮಿಕ್ಕಿ ಬೀಜ ಇರಬಲ್ಲದು. ನೆಲದಡಿಯ ಗೆಡ್ಡೆಗಂತೂ ಕಾಂಪೌಂಡಿನ ಮರ್ಯಾದೆ ಗೊತ್ತಿಲ್ಲ. ಹಾಗಾಗಿ ನೀರನ್ನು ತೂತಿಲ್ಲದ ತೊಟ್ಟಿಗೆ ತಿರುಗಿಸಿ, ಕೆರೆಗೋಡು ತುಂಬಿ, ಮೊಳಕೆಯಿರುವ ಗೆಡ್ಡೆಯ ತುಂಡು ನೆಡಬೇಕು. ಮೇಲೆ ನಾಲ್ಕು ಬೆರಳು ನೀರು ಸಾಕು. ತೆನೆ ಬಿರಿಯುವ ಮೊದಲೇ ಕತ್ತರಿಸಿ ಗೊಬ್ಬರದ ಗುಂಡಿಗೆ ಸಾಗಿಸಬೇಕು; ಅಲ್ಲೇ ಬಿಟ್ಟರೆ ಹೀರಿದ್ದೆಲ್ಲ ಕೊಳೆತು ಮತ್ತೆ ನೀರಿಗೇ. ಸೊಳ್ಳೆ? ದಟ್ಟವಾಗಲು ಬಿಟ್ಟರೆ ಖಂಡಿತ ಬರುತ್ತವೆ. ಅರ್ಧ ತೊಟ್ಟಿ ತೆರವಾಗಿಟ್ಟು, ನೀರು ತಿಳಿಯಾದ ಮೇಲೆ ಊರ ಕೆರೆಯ ಪುಟ್ಟ ಮೀನು ಬಿಟ್ಟರೆ ಮರಿಹುಳುಗಳ ವಿಚಾರಣೆ ಅವು ನಡೆಸುತ್ತವೆ. ಹಾವು ಬಂದೀತು ಎನ್ನುವವರು ಮೊದಲು ಹಿತ್ತಲ ಹಳೇ ಇಟ್ಟಿಗೆ ರಾಶಿ ತೆಗೆಸಲಿ. ಅವು ಅಲ್ಲಿ ಬಾಡಿಗೆಯಿಲ್ಲದೆ ಈಗಾಗಲೇ ಇದ್ದಾವು.